ಕಚೇರಿಯ ಅಂಗಳಕ್ಕೆ ಬಂದ ಮಗ್ಗ

ನಮ್ಮ ಮೊದಲ ಮೆರವಣಿಗೆಯನ್ನು ಕೆಡಿಸಿದ್ದು ನಮ್ಮ ಘೋಷಣೆಯೇ.

ಸಂಘದ ಅಧ್ಯಕ್ಷರು ಮೈಕು ಹಿಡಿದು "ಸುಳ್ಳು ಭರವಸೆ" ಎಂದು ಕೂಗಿದರೆ ನಾವೆಲ್ಲ "ಬೇಡ, ಬೇಡ" ಎನ್ನಬೇಕು. "ಕಿವಿ ತಪಾಸಣೆ" ಎಂದು ಕೂಗಿದರೆ "ಬೇಕೇ ಬೇಕು" ಎನ್ನಬೇಕು. ಇಷ್ಟೇ. ಹಿಂದಿನ ದಿನ ಸಂಘದ ಕೋಣೆಯಲ್ಲಿ ಹೇಳಿಕೊಟ್ಟಾಗ ಯಾರೂ ತಪ್ಪಿರಲಿಲ್ಲ. ಬೀದಿಗೆ ಬಂದಮೇಲೆ ಮುಂದಿನ ಸಾಲಿನವರು ಸರಿಯಾಗಿ ಹೇಳಿದರು. ನಡುವಿನವರು ಮುಂದಿನವರ ಕೈ ಮೇಲೆದ್ದದ್ದನ್ನು ನೋಡಿ ಹೇಳಿದರು. ಹಿಂದಿನವರು ನಡುವಿನವರನ್ನು ನೋಡಿ ಹೇಳಿದರು. ಕಚೇರಿಯ ಗೇಟು ಮುಟ್ಟುವ ಹೊತ್ತಿಗೆ ಅಧ್ಯಕ್ಷರು "ಕಿವಿ ತಪಾಸಣೆ" ಎನ್ನುತ್ತಿದ್ದರು, ಹಿಂದಿನ ಅರ್ಧ ಜನ ಕೈ ಎತ್ತಿ "ಬೇಡ, ಬೇಡ" ಎಂದು ಒದರುತ್ತಿದ್ದರು.

ಮೆಟ್ಟಿಲ ಮೇಲೆ ನಿಂತಿದ್ದ ಗುಮಾಸ್ತರೊಬ್ಬರು ನಕ್ಕರು. "ಬ್ಯಾಡ ಅಂತಾರಲ್ರಿ ಅವರ!" ಎಂದು ಪಕ್ಕದವರಿಗೆ ಹೇಳಿದರು. ನಮ್ಮ ಮನವಿ ಇಸಿದುಕೊಂಡು, "ಮ್ಯಾಲಿನವರಿಗೆ ಕಳಸ್ತೀವಿ" ಎಂದರು. ಅಂದು ಅವರು ಕಳಿಸಿದ್ದು ನಮ್ಮನ್ನು, ಮನೆಗೆ.

ಅದು ಯಾವ ಕಚೇರಿ ಎಂದು ನಾನಿಲ್ಲಿ ಹೇಳುವುದಿಲ್ಲ. ಆಗ ಇದ್ದವರು ಈಗ ಅಲ್ಲಿಲ್ಲ, ನನಗೆ ಅವರ ಮೇಲೆ ಸಿಟ್ಟೂ ಉಳಿದಿಲ್ಲ.

ನಾನು ರಬಕವಿ-ಬನಹಟ್ಟಿಯಲ್ಲಿ ಜಾಬರ್. ಪಾವರ್‌ಲೂಮ್ ಮಗ್ಗ ಕೆಟ್ಟರೆ, ಹೊಡೆತ ತಪ್ಪಿದರೆ, ನೇಕಾರರು ಕರೆಯುವುದು ನನ್ನಂಥವರನ್ನು. ನಮ್ಮಲ್ಲಿ ಒಂದೊಂದು ಶೆಡ್ಡಿನಲ್ಲಿ ಹತ್ತಾರು ಮಗ್ಗಗಳು ಒಟ್ಟಿಗೆ ಓಡುತ್ತವೆ. ಒಳಗೆ ಹೋದರೆ ಪಕ್ಕದವನು ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ನಾವು ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುತ್ತೇವೆ. ನೂಲು ತೀರಿತು, ಚಹಾ ಬಂತು, ಮಾಲಕ ಬಂದ, ಮಗಳಿಗೆ ವರ ಬಂದ, ಎಲ್ಲಕ್ಕೂ ಸನ್ನೆ ಇದೆ. ಹೀಗೆ ವರ್ಷಗಟ್ಟಲೆ ಕಳೆದವರಿಗೆ ಶೆಡ್ಡಿನ ಹೊರಗೂ ಜಗತ್ತು ಮೆಲ್ಲಗೆ ಮಾತಾಡತೊಡಗುತ್ತದೆ. ಅದನ್ನು ನಾವು ವಯಸ್ಸು ಎಂದುಕೊಂಡು ಸುಮ್ಮನಿದ್ದೆವು.

ಸುಮ್ಮನಿರಲು ಆಗದಂತೆ ಮಾಡಿದ್ದು ಒಂದು ಅಪಘಾತ. ಕಬ್ಬಿನ ಹಂಗಾಮು. ನಮ್ಮ ಶೆಡ್ಡಿನ ನೇಕಾರನೊಬ್ಬ ಜಮಖಂಡಿ ರಸ್ತೆಯ ಅಂಚಿನಲ್ಲಿ ನಡೆದು ಹೊರಟಿದ್ದ. ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನಿನ ಮೇಲೆ ಹಾರ್ನ್ ಹೊಡೆದ. ಇವನು ಸರಿಯಲಿಲ್ಲ, ಬದಲಿಗೆ ರಸ್ತೆ ದಾಟಲು ತಿರುಗಿದ. ತೊಡೆಯ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಟ್ರ್ಯಾಕ್ಟರಿನವನು ಎಲ್ಲರ ಕೈ ಹಿಡಿದು, "ಇಷ್ಟ ಹಾರ್ನ್ ಹೊಡದೇನ್ರಿ, ಅಂವಗ ಕೇಳಸಲೇ ಇಲ್ಲೇನ್ರಿ?" ಎಂದು ಅಳುತ್ತಿದ್ದ. ನಮಗೆ ಉತ್ತರ ಗೊತ್ತಿತ್ತು. ಆದರೆ ಅದು ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ. ಕಿವಿ ನೋಡುವ ಯಂತ್ರ ಇದ್ದದ್ದು ಬಾಗಲಕೋಟೆಯಲ್ಲಿ. ಒಂದು ದಿನ ಮಗ್ಗ ನಿಲ್ಲಿಸಿ ಹೋದವರಿಗೆ ಇನ್ನೊಂದು ದಿನ ಬಾ ಎನ್ನುತ್ತಿದ್ದರು. ಆ ಯಂತ್ರ ನಮ್ಮೂರಿಗೆ ಬರಲಿ, ನೇಕಾರರ ಕಿವಿ ನೋಡಿ ಸರ್ಟಿಫಿಕೇಟ್ ಕೊಡಲಿ ಎಂಬುದೊಂದೇ ನಮ್ಮ ಬೇಡಿಕೆ.

ಮೆರವಣಿಗೆ ಕೆಟ್ಟ ಮರುದಿನ ಸಂಘದ ಕೋಣೆಯಲ್ಲಿ ಕೂತೆವು. ಅಧ್ಯಕ್ಷರಿಗೆ ಗುಮಾಸ್ತರ ನಗು ಚುಚ್ಚಿತ್ತು.

"ಮುಂದಿನ ಸಲ ಮೈಕಿಗೆ ಇನ್ನೆರಡು ಬೋಂಗಾ ತರಸೂಣು. ಸಪ್ಪಳ ಕಡಿಮಿ ಬಿತ್ತು," ಎಂದರು.

"ಬೋಂಗಾ ಹೆಚ್ಚಾದ್ರ ಗುಂಯ್ ಅನ್ನೂದ ಹೆಚ್ಚಾಗ್ತೈತ್ರಿ," ಎಂದೆ ನಾನು. "ಮಾತು ತಿಳಿಯೂದಿಲ್ಲ. ಅಲ್ಲದ ಮೈಕಿಗೆ ಇನ್ನ ಪರವಾನಗಿ ಕೊಡೂದಿಲ್ಲ ಅಂದಾರ."

ಕಾಕೂ ಬಾಗಿಲ ಹತ್ತಿರ ಕೂತಿದ್ದರು. ಹೊಕ್ಕಿನ ನೂಲನ್ನು ಕಂಡಿಕಿಗೆ, ಅಂದರೆ ಸಣ್ಣ ಕೊಳವೆಗೆ, ಸುತ್ತುವುದು ಅವರ ಕೆಲಸ. ಮದುವೆಯಾಗಿ ಈ ಊರಿಗೆ ಬಂದ ವಾರದಿಂದ ಅದೇ ಕೆಲಸ. ನಾವೆಲ್ಲ ಅವರನ್ನು ಕಾಕೂ ಎಂದೇ ಕರೆಯುವುದು. ನಮ್ಮ ತುಟಿಗಳನ್ನು ಒಂದೊಂದಾಗಿ ನೋಡುತ್ತ ಇದ್ದವರು ಒಮ್ಮೆಲೆ ದೊಡ್ಡ ದನಿಯಲ್ಲಿ ಹೇಳಿದರು: "ನಮಗ ಕೇಳಸೂದಿಲ್ಲ ಅಂತ ಬಾಯಿಲೆ ಹೇಳಿದ್ರ ಅವರಿಗೆ ಹೆಂಗ ತಿಳೀತೈತಿ? ನಾವು ದಿನಾ ಏನ್ ಕೇಳ್ತೀವೋ ಅದನ್ನ ಸ್ವಲ್ಪ ಹೊತ್ತು ಅವರಿಗೂ ಕೇಳಸ್ರಿ. ಒಂದ್ ಮಗ್ಗಾ ಒಯ್ದು ಅವರ ಬಾಗಲಾಗ ಚಾಲೂ ಮಾಡ್ರಿ."

ಮೊದಲು ಯಾರೋ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಆಕ್ಕೈತೇನೋ ಜಾಬರ್?" ಎಂದರು ಅಧ್ಯಕ್ಷರು.

"ಆಕ್ಕೈತ್ರಿ," ಎಂದುಬಿಟ್ಟೆ.

ಮನೆಗೆ ಹೋಗುವ ದಾರಿಯಲ್ಲಿ ಲಾಳಿ ನೆನಪಾಯಿತು.

ಹೊಕ್ಕಿನ ನೂಲನ್ನು ಮಗ್ಗದ ಈ ಬದಿಯಿಂದ ಆ ಬದಿಗೆ ಒಯ್ಯುವುದು ಲಾಳಿ. ಗಟ್ಟಿ ಕಟ್ಟಿಗೆಯದು, ಎರಡೂ ತುದಿಗೆ ಕಬ್ಬಿಣದ ಮೊನೆ. ಅದನ್ನು ಯಾರೂ ಹಿಡಿದಿರುವುದಿಲ್ಲ. ಈ ಕಡೆಯ ಕೋಲು ಹೊಡೆದರೆ ಆ ಕಡೆಗೆ, ಆ ಕಡೆಯದು ಹೊಡೆದರೆ ಈ ಕಡೆಗೆ ಹಾರುತ್ತಿರುತ್ತದೆ. ಮಗ್ಗ ಮಟ್ಟವಾಗಿ ಕೂತಿದ್ದರೆ ಅದು ತನ್ನ ದಾರಿ ಬಿಡುವುದಿಲ್ಲ. ಕೊಂಚ ಓರೆಯಾದರೂ ಹೊರಗೆ ಹಾರುತ್ತದೆ. ಹಾಗೆ ಹಾರಿದ ಲಾಳಿ ಒಬ್ಬ ನೇಕಾರನ ಬಾಯಿಗೆ ಬಡಿದದ್ದನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ. ಅವನು ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು, ಇವು ಯಾರವು ಎಂಬಂತೆ ನೋಡುತ್ತಿದ್ದ. ಅದಕ್ಕೇ ಶೆಡ್ಡಿನಲ್ಲಿ ಮಗ್ಗದ ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿರುತ್ತೇವೆ. ಈಗ ನಾನು ಅದನ್ನು ಗಾಲಿಗಳ ಮೇಲಿಟ್ಟು, ಜನರ ನಡುವೆ ಓಡಿಸುತ್ತೇನೆಂದು ಮಾತು ಕೊಟ್ಟಿದ್ದೆ.

ಮಗ್ಗ ಸಿಕ್ಕಿತು. ಶೆಡ್ಡು ಮುಚ್ಚಿದ್ದ ಮಾಲಕರೊಬ್ಬರು, ತಮ್ಮ ಹೆಸರು ಎಲ್ಲಿಯೂ ಬರಬಾರದು ಎಂದು ಹೇಳಿ ಒಂದು ಹಳೆಯ ಮಗ್ಗ ಕೊಟ್ಟರು. ಟ್ರ್ಯಾಕ್ಟರ್, ಟ್ರೇಲರ್ ಹಿಪ್ಪರಗಿಯ ನನ್ನ ಗೆಳೆಯನವು.

"ಗಾಡಿಗೆ ಏನೂ ಆಗಬಾರ್ದ್ ನೋಡ ದೋಸ್ತ," ಎಂದ. "ಹಂಗಾಮ ಇನ್ನೂ ಮುಗದಿಲ್ಲ. ಹೊಲದಾಗ ಕಬ್ಬು ನಿಂತೈತಿ."

"ಏನೂ ಆಗೂದಿಲ್ಲ," ಎಂದೆ. ಆ ವಾರದಲ್ಲಿ ನಾನು ಎಷ್ಟು ಜನರಿಗೆ ಈ ಮಾತು ಹೇಳಿದೆನೋ.

ಚೈನ್ ಪುಲ್ಲಿ ಹಾಕಿ ಮಗ್ಗ ಎತ್ತಿ ಟ್ರೇಲರಿನ ಮೇಲೆ ಕೂರಿಸಿದೆವು. ಕೆಳಗೆ ಬೇವಿನ ತೊಲೆಗಳನ್ನಿಟ್ಟು, ಟ್ರೇಲರಿನ ತಳಕ್ಕೆ ತೂತು ಕೊರೆದು ಬೋಲ್ಟು ಬಿಗಿದೆ. ಅಲ್ಲಿಂದ ಒಂದೊಂದೇ ತೊಡಕು ಶುರುವಾಯಿತು. ಮುಧೋಳದ ಪೆಂಡಾಲಿನವರಿಂದ ತಂದ ಜನರೇಟರ್ ಸಿಂಗಲ್ ಫೇಜಿನದು, ಮಗ್ಗದ ಮೋಟರ್ ಥ್ರೀ ಫೇಜಿನದು. ಲೋಕಾಪುರದ ಪರಿಚಯದ ಗಿರಣಿಯವನ ಹತ್ತಿರ ಒಂದು ಹಳೆಯ ಸಿಂಗಲ್ ಫೇಜ್ ಮೋಟರ್ ಸಿಕ್ಕಿತು. ಅದರ ಪುಲ್ಲಿ ದೊಡ್ಡದು. ಪುಲ್ಲಿ ದೊಡ್ಡದಾದರೆ ಮಗ್ಗ ಜೋರು ಓಡುತ್ತದೆ. ಗೊತ್ತಿತ್ತು. ಸುಮ್ಮನೆ ನೋಡೋಣವೆಂದು ಮುಚ್ಚಿದ ಶೆಡ್ಡಿನ ಹಿಂದಿನ ಬಯಲಿನಲ್ಲಿ ಲಾಳಿ ಹಾಕಿ ಹ್ಯಾಂಡಲ್ ಎಳೆದೆ.

ಟ್ರೇಲರ್ ಟೈರುಗಳ ಮೇಲೆ ತೂಗತೊಡಗಿತು, ತೊಟ್ಟಿಲಿನ ಹಾಗೆ. ನಾನು ಹ್ಯಾಂಡಲ್ ತಳ್ಳುವಷ್ಟರಲ್ಲಿ ಲಾಳಿ ಹಾರಿತ್ತು. ನನಗೆ ಅದು ಕಾಣಲಿಲ್ಲ, ಎದುರಿನ ಗೋಡೆಯ ಗಿಲಾವು ಉದುರಿದ್ದು ಕಂಡಿತು.

ಕಾಕೂ ಹೋಗಿ ಲಾಳಿ ಎತ್ತಿಕೊಂಡು ಬಂದರು. ತುದಿಯ ಮೊನೆ ಸೊಟ್ಟಗಾಗಿತ್ತು. ನನ್ನ ಕೈಯಲ್ಲಿ ಇಟ್ಟು, ನನ್ನ ಮುಖ ನೋಡಿ ಹೋಗಿ ಕುಳಿತರು. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲಿನ ದಿನಗಳಲ್ಲಿ ನನ್ನ ಕೈಲಾದದ್ದನ್ನೆಲ್ಲ ಮಾಡಿದೆ. ಸಣ್ಣ ಪುಲ್ಲಿ ತಿರುಗಣಿಯಲ್ಲಿ ಕಡೆಸಿ ತಂದೆ. ಟ್ರೇಲರಿನ ಕೆಳಗೆ ಜಾಕು ಕೊಟ್ಟು, ಕಟ್ಟಿಗೆಯ ದಿಮ್ಮಿ ಒಟ್ಟಿ, ಭಾರ ಟೈರಿನ ಮೇಲೆ ಬೀಳದಂತೆ ಮಾಡಿದೆ. ಗವಂಡಿಯ ಲೆವೆಲ್ ಪಟ್ಟಿ ಇಟ್ಟು ನಾಲ್ಕೂ ಮೂಲೆ ಮಟ್ಟ ನೋಡಿದೆ. ಸುತ್ತ ತಂತಿಯ ಜಾಳಿಗೆ ಕಟ್ಟಿದೆ. ಮತ್ತೆ ಓಡಿಸಿದಾಗ ಲಾಳಿ ದಾರಿ ಬಿಡಲಿಲ್ಲ. ಒಂದು ಸೀರೆಯ ಸೆರಗಿನಷ್ಟು ಬಟ್ಟೆ ಬಂತು. ಅಧ್ಯಕ್ಷರು ಅದನ್ನು ಮುಟ್ಟಿ ನೋಡಿ, "ಇದನ್ನ ಅಲ್ಲೇ ನೇದು, ಅಲ್ಲೇ ಹರದು ಸಾಹೇಬರ ಕೈಯಾಗ ಕೊಡೂಣು!" ಎಂದು ಕುಣಿದಾಡಿದರು.

ನನಗೆ ಊಟ ಸೇರಲಿಲ್ಲ. ತಾಟಿನ ಮುಂದೆ ಕೂತಾಗಲೂ ಕಣ್ಣು ಗಿಲಾವು ಉದುರಿದ ಆ ಗೋಡೆಯ ಮೇಲೇ ಇರುತ್ತಿತ್ತು.

"ಆಗೂದಿಲ್ಲ ಅಂತ ಹೇಳಿಬಿಡ್ರಿ," ಎಂದಳು ಹೆಂಡತಿ. "ಯಾರ್ ಏನ್ ಅಂತಾರ?"

"ಈಗ ಓಡಾಕತ್ತೈತಿ. ಆಗೂದಿಲ್ಲ ಅಂತ ಹೆಂಗ ಹೇಳ್ಲಿ?"

"ಓಡಾಕತ್ತಿದ್ರ ಹಿಂಗ್ಯಾಕ ಕುಂತೀರಿ?"

ನಾನು ತಾಟು ಸರಿಸಿ ಎದ್ದೆ.

ಸೋಮವಾರ ಹೊರಟೆವು. ಧರಣಿ ಕೂರುತ್ತೇವೆಂದು ಅಧ್ಯಕ್ಷರು ತಿಳಿಸಿದ್ದರು. ಧರಣಿಯಲ್ಲಿ ಮಗ್ಗ ಇರುತ್ತದೆಂದು ತಿಳಿಸಿರಲಿಲ್ಲ. "ಮೈಕ್ ಹಚ್ಚಬ್ಯಾಡ್ರಿ ಅಂದಾರ. ಮಗ್ಗಾ ಹಚ್ಚಬ್ಯಾಡ್ರಿ ಅಂದಿಲ್ಲ," ಎಂದು ನಗುತ್ತಿದ್ದರು. ಮಗ್ಗಕ್ಕೆ ತಾಡಪತ್ರಿ ಹೊದಿಸಿದ್ದೆವು. ಗೇಟಿನಲ್ಲಿ ಪೊಲೀಸರು ಅದು ಪೆಂಡಾಲಿನ ಸಾಮಾನು ಎಂದುಕೊಂಡು ಬಿಟ್ಟರು.

ಅಂಗಳಕ್ಕೆ ಬಂದು ದಿಮ್ಮಿ ಒಟ್ಟುವಾಗ ಹೊಸ ತೊಡಕು ಕಂಡಿತು. ಮಳೆನೀರು ಹರಿಯಲೆಂದು ಆ ಅಂಗಳವನ್ನು ಗಟಾರದ ಕಡೆಗೆ ಇಳಿಜಾರು ಮಾಡಿದ್ದರು. ಒಂದು ಮೂಲೆ ಎತ್ತಿದರೆ ಇನ್ನೊಂದು ಕುಸಿಯುತ್ತಿತ್ತು. ಕಲ್ಲುಚಪ್ಪಡಿ ತುರುಕಿ, ತೆಗೆದು, ಮತ್ತೆ ತುರುಕಿ, ಕಡೆಗೆ ಲೆವೆಲ್ ಪಟ್ಟಿಯ ಗಾಳಿಗುಳ್ಳೆ ನಡುವಿಗೆ ಬಂದು ನಿಂತಿತು. ಅದು ಹಾಗೇ ನಿಂತೀತೆಂದು ನನಗೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ತಾಡಪತ್ರಿ ತೆಗೆದದ್ದೇ ಜನ ಮುಗಿಬಿದ್ದರು. ಕಚೇರಿಯ ಕೆಲಸಕ್ಕೆ ಬಂದವರೂ ಸೇರಿದರು. ಮೊಬೈಲಿನಲ್ಲಿ ತೆಗೆಯಲು ಅಡ್ಡವಾಗುತ್ತದೆಂದು ಯಾರೋ ಜಾಳಿಗೆಯನ್ನು ಎತ್ತಿ ಮೇಲಕ್ಕೆ ಸಿಕ್ಕಿಸಿದರು. ನಾನು ಇಳಿಸಿದೆ. ಆ ಬದಿಯಲ್ಲಿ ಇನ್ಯಾರೋ ಎತ್ತಿದರು. ಲಾಳಿ ಹಾರುವ ನೇರಕ್ಕೆ ಕಂಪೌಂಡಿನ ಮೋಟುಗೋಡೆ ಇತ್ತು. ಅದರ ಮೇಲೆ ಒಬ್ಬ ಹೆಣ್ಣುಮಗಳು ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ಕೂತಿದ್ದಳು. ಕೈಮುಗಿದು ಎಬ್ಬಿಸಿದೆ. ಆಕೆ ಎದ್ದ ಜಾಗಕ್ಕೆ ಇಬ್ಬರು ಮುದುಕರು ಬಂದು ಕೂತರು.

ನಾನು ಮತ್ತೆ ಟ್ರೇಲರ್ ಹತ್ತಿದೆ. ಲಾಳಿಯನ್ನು ಅದರ ಪೆಟ್ಟಿಗೆಯಿಂದ ತೆಗೆದು ಪ್ಯಾಂಟಿನ ಜೇಬಿಗೆ ತುರುಕಿದೆ.

ಅಧ್ಯಕ್ಷರು ನೋಡಿಬಿಟ್ಟರು. ಹತ್ತಿರ ಬಂದು, "ಏನ್ ಮಾಡಾಕತ್ತೀಯೋ?" ಎಂದರು.

"ಲಾಳಿ ತಗದೇನ್ರಿ. ಖಾಲಿ ಮಗ್ಗಾ ಓಡಸ್ತೀನಿ."

"ಹುಚ್ಚಗಿಚ್ಚ ಹಿಡೀತೇನು? ಬಟ್ಟಿ ನೇದು ಕೊಡ್ತೀವಂತ ಪೇಪರಿನವರಿಗೆ ಹೇಳೇನಿ. ಲಾಳಿ ಇಲ್ಲದ ಮಗ್ಗಾ ನೋಡಿ ಜನ ನಗತಾರ."

"ನಗಲಿ ಬಿಡ್ರಿ. ನಾವು ಸಪ್ಪಳಾ ಕೇಳಸಾಕ ಬಂದೇವಿ. ಸಪ್ಪಳಕ್ಕ ಲಾಳಿ ಬೇಕಾಗಿಲ್ಲ."

"ಹಾಕಂದ್ರ ಹಾಕೋ ಲಾಳಿ!"

"ಹಾರಿದ್ರ ನೀವು ಹಿಡೀತೀರೇನ್ರಿ?"

ಅವರು ಮೋಟುಗೋಡೆಯ ಕಡೆ ತಿರುಗಿ ನೋಡಿದರು. "ನಿನ್ನ ಹಣೇಬಾರ," ಎಂದು ಕೆಳಗಿಳಿದು ಹೋದರು.

ಜನರೇಟರ್ ಚಾಲೂ ಆಯಿತು. ಹ್ಯಾಂಡಲ್ ಎಳೆದೆ. ಮಗ್ಗ ಒಮ್ಮೆ ದಢಾರೆಂದು ನಿಂತುಬಿಟ್ಟಿತು. ಅಂಗಳದ ತುಂಬ ನಗು. ಹೊಸಬನೂ ಮರೆಯದ ಸಂಗತಿಯನ್ನು ನಾನು ಮರೆತಿದ್ದೆ. ಪೆಟ್ಟಿಗೆಯಲ್ಲಿ ಲಾಳಿ ಇಲ್ಲದಿದ್ದರೆ ತಾನಾಗಿ ಮಗ್ಗವನ್ನು ನಿಲ್ಲಿಸುವ ಒಂದು ಕಬ್ಬಿಣದ ಬೆರಳು ಕೆಳಗಿರುತ್ತದೆ. ಅದನ್ನು ಎತ್ತಿ ಕಟ್ಟಬೇಕು. ಅಂಗಾತ ಮಲಗಿ ಮಗ್ಗದ ಕೆಳಗೆ ತೂರಿಕೊಂಡೆ. ಬೆವರಿಗೆ ತಂತಿ ಜಾರುತ್ತಿತ್ತು. ಮೇಲೆ ಯಾರೋ "ಕೆಟ್ಟಿತು, ಕೆಟ್ಟಿತು" ಎನ್ನುತ್ತಿದ್ದರು. ಹೇಗೋ ಎರಡು ಸುತ್ತು ಬಿಗಿದು ಹೊರಗೆ ಬಂದು ಮತ್ತೆ ಎಳೆದೆ.

ಈ ಸಲ ಓಡಿತು.

ಶೆಡ್ಡಿನಲ್ಲಿ ಒಂದು ಮಗ್ಗದ ಸಪ್ಪಳವನ್ನು ನಾವು ಸಪ್ಪಳವೆಂದೇ ಎಣಿಸುವುದಿಲ್ಲ. ಇಲ್ಲಿ ಮೂರು ಕಡೆ ಕಚೇರಿಯ ಗೋಡೆ, ಒಂದು ಕಡೆ ಕಂಪೌಂಡು. ಒಂದೊಂದು ಹೊಡೆತವೂ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಕಿಟಕಿಯ ಗಾಜುಗಳು ನಡುಗುವುದು ಕಾಣುತ್ತಿತ್ತು. ನಗುತ್ತಿದ್ದವರು ಕಿವಿ ಮುಚ್ಚಿಕೊಂಡು ಹಿಂದೆ ಸರಿದರು. ಒಳಗಿನ ಗುಮಾಸ್ತರು ಫೋನು ಹಿಡಿದುಕೊಂಡು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದರು. ಒಬ್ಬರು ಕಿಟಕಿ ಮುಚ್ಚಿದರು, ಆಮೇಲೆ ತೆರೆದು ನಮ್ಮ ಕಡೆ ಕೈ ಬೀಸಿ ಏನೋ ಕೂಗಿದರು.

ನಮ್ಮವರು ಮಾತ್ರ ನೆಲದ ಮೇಲೆ ಆರಾಮಾಗಿ ಕೂತಿದ್ದರು. ಮೆರವಣಿಗೆಯಲ್ಲಿ ತಡವರಿಸಿದ್ದ ಅದೇ ಜನ. ಈಗ ಈ ಮೂಲೆಯಿಂದ ಆ ಮೂಲೆಗೆ ಕೈಯಲ್ಲಿ, ಹುಬ್ಬಿನಲ್ಲಿ, ತುಟಿಯಲ್ಲಿ ಮಾತು ಹೋಗುತ್ತಿತ್ತು, ಬರುತ್ತಿತ್ತು. ಯಾರೂ ಘೋಷಣೆ ಕೂಗಲಿಲ್ಲ.

ಕಚೇರಿಯ ಸಾಹೇಬರು ಹೊರಗೆ ಬಂದರು. ಮೆಟ್ಟಿಲ ಮೇಲೆ ನಿಂತು ಪಕ್ಕದಲ್ಲಿದ್ದ ಪೊಲೀಸ್ ಫೌಜದಾರರಿಗೆ ಏನೋ ಹೇಳಿದರು. ಫೌಜದಾರರು ಕಿವಿಯ ಹಿಂದೆ ಕೈಯಿಟ್ಟು ಬಾಗಿದರು. ಸಾಹೇಬರು ಮತ್ತೆ ಹೇಳಿದರು. ಅವರಿಗೆ ತಿಳಿಯಲಿಲ್ಲ. ಆದರೆ ಮುಂದಿನ ಸಾಲಿನಲ್ಲಿದ್ದ ಕಾಕೂಗೆ ತಿಳಿಯಿತು. ಅವರು ನನ್ನ ಕಡೆ ತಿರುಗಿ, ಎರಡೂ ಕೈಯಿಂದ ಸ್ಟೇರಿಂಗ್ ತಿರುಗಿಸಿದಂತೆ ಮಾಡಿ, ಮುಷ್ಟಿ ಬಿಗಿದು ತಮ್ಮ ಕಡೆಗೆ ಎಳೆದುಕೊಂಡರು. ಗಾಡಿ ಜಪ್ತಿ ಮಾಡುತ್ತಾರೆ.

ನನ್ನ ಕಣ್ಣ ಮುಂದೆ ಹಿಪ್ಪರಗಿಯ ಗೆಳೆಯ ಬಂದ, ಅವನ ಹೊಲದ ಕಬ್ಬು ಬಂತು. ಅಧ್ಯಕ್ಷರು ಸನ್ನೆಯಲ್ಲಿ, ನಿಲ್ಲಿಸಬೇಡ, ಓಡಲಿ ಎಂದರು. ಇಬ್ಬರು ಪೊಲೀಸರು ಆಗಲೇ ಟ್ರೇಲರಿನ ಕಡೆ ನಡೆದಿದ್ದರು. ಒಬ್ಬನು ಹಿಂದಿನಿಂದ ಹತ್ತಲು ಕೈ ಚಾಚಿದ. ಆ ಬದಿಯಲ್ಲೇ ಮೋಟರಿನ ಬೆಲ್ಟ್ ಓಡುತ್ತಿತ್ತು. ಅದಕ್ಕೆ ಮುಚ್ಚಳವಿರಲಿಲ್ಲ, ಲಾಳಿಯ ಭಯದಲ್ಲಿ ನಾನು ಅದರ ಯೋಚನೆಯನ್ನೇ ಮಾಡಿರಲಿಲ್ಲ. ಅವನ ತೋಳು ಬೆಲ್ಟಿಗೆ ಒಂದು ಗೇಣು ದೂರ ಇತ್ತು. ನಾನು "ಏಯ್!" ಎಂದು ಕಿರುಚಿದೆ. ಅವನಿಗೆ ಕೇಳಲಿಲ್ಲ.

ಹ್ಯಾಂಡಲ್ ತಳ್ಳಿ, ಮೋಟರಿನ ಸ್ವಿಚ್ಚು ಕೆಳಗೆ ಹಾಕಿದೆ. ಜನರೇಟರಿನವನಿಗೆ ಕೈ ಅಡ್ಡ ಮಾಡಿ ತೋರಿಸಿದೆ. ಅವನೂ ನಿಲ್ಲಿಸಿಬಿಟ್ಟ.

ಅಷ್ಟೂ ಸಪ್ಪಳ ಒಂದೇ ಸಲ ನಿಂತಿತು. ಮೆಟ್ಟಿಲ ಮೇಲಿನಿಂದ ಸಾಹೇಬರ ಕೂಗು ಮಾತ್ರ ಉಳಿಯಿತು: "ಗಾಡೀನೂ ಜಪ್ತ ಮಾಡ್ರಿ! ಎಲ್ಲಾರನ್ನೂ ಎಳದ ಒಳಗ ಹಾಕ್ರಿ!" ಗಂಟಲು ಹರಿಯುವಂತೆ ಕೂಗುತ್ತಿದ್ದರು. ತಮ್ಮ ದನಿ ತಮಗೇ ಕೇಳಿ ಬೆಚ್ಚಿದವರಂತೆ ಸುಮ್ಮನಾದರು. ಅಂಗಳದಲ್ಲಿ ಯಾರೂ ನಗಲಿಲ್ಲ.

ಕಾಕೂ ಎದ್ದು ಮೆಟ್ಟಿಲ ಹತ್ತಿರ ಹೋದರು.

"ಸಾಹೇಬ್ರ, ನಾವು ಮತ್ತೇನೂ ಕೇಳೂದಿಲ್ಲ. ನಮ್ಮ ಕಿವಿ ನೋಡ್ರಿ ಅಂತೀವಿ."

ಸಾಹೇಬರು ಫೌಜದಾರರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಏನೋ ಹೇಳತೊಡಗಿದರು.

"ಈ ಕಡೆ ಮಾರಿ ಮಾಡಿ ಮಾತಾಡ್ರಿ," ಎಂದರು ಕಾಕೂ. "ತುಟಿ ಕಾಣದಿದ್ರ ನನಗ ತಿಳಿಯೂದಿಲ್ಲ."

ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಶೆಡ್ಡಿನಲ್ಲಿ ನಮಗೆಲ್ಲ ಹೇಳುವ ಹಾಗೇ ಹೇಳಿದ್ದರು. ಸಾಹೇಬರು ಕೈಯಲ್ಲಿದ್ದ ಫೋನು ಜೇಬಿಗಿಟ್ಟು ಎರಡು ಮೆಟ್ಟಿಲು ಇಳಿದು, ಆಕೆಯ ಎದುರು ಮುಖ ಹಿಡಿದು ಹೇಳಿದರು: "ಎಷ್ಟ್ ಮಂದಿ ಅದೀರಿ ನೀವು? ಒಳಗ ಬಂದು ಹೇಳ್ರಿ."

ಅಂದು ಎಲ್ಲ ಸುಖವಾಗಿ ಮುಗಿಯಿತೆಂದು ಹೇಳಲಾರೆ. ಟ್ರ್ಯಾಕ್ಟರನ್ನು ಠಾಣೆಗೆ ಒಯ್ದರು. ಬಿಡಿಸಿಕೊಳ್ಳಲು ಗೆಳೆಯ ಹಿಪ್ಪರಗಿಯಿಂದ ಎರಡು ಸಲ ಓಡಾಡಿದ. ಬಹಳ ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದ. ಅಧ್ಯಕ್ಷರು, ಬಟ್ಟೆ ನೇಯ್ದು ಕೊಟ್ಟಿದ್ದರೆ ಪೇಪರಿನಲ್ಲಿ ದೊಡ್ಡದಾಗಿ ಬರುತ್ತಿತ್ತು ಎಂದು ಇಂದಿಗೂ ಅನ್ನುತ್ತಾರೆ. ಇರಬಹುದು. ಆ ಪೊಲೀಸನ ತೋಳು ಮತ್ತು ಬೆಲ್ಟಿನ ನಡುವಿದ್ದ ಗೇಣು ಜಾಗ ನೆನಪಾದರೆ ನನಗೆ ಈಗಲೂ ಬೆವರು ಬರುತ್ತದೆ.

ಯಂತ್ರ ಬಂತು. ಕೂಡಲೇ ಬರಲಿಲ್ಲ, ನಾವು ಇನ್ನೂ ಹಲವು ಸಲ ಹೋಗಿ ಬಂದಮೇಲೆ ಬಂತು. ಶಾಲೆಯ ಒಂದು ಕೋಣೆಯ ಗೋಡೆಗಳಿಗೆ ಗಾದಿ ಆನಿಸಿಟ್ಟು ತಪಾಸಣೆಗೆ ಜಾಗ ಮಾಡಿದರು. ಬಾಗಲಕೋಟೆಯಿಂದ ಬಂದ ಹುಡುಗಿ ಯಂತ್ರ ಹಚ್ಚಿ, ಹೊರಗಿನ ಮಗ್ಗಗಳ ಸಪ್ಪಳದಲ್ಲಿ ತಪಾಸಣೆ ಆಗುವುದಿಲ್ಲ ಎಂದಳು. ಸಂಘದವರು ಓಣಿ ಓಣಿ ತಿರುಗಿ ಮಾಲಕರಿಗೆ ಕೈಮುಗಿದರು. ಆ ಮಧ್ಯಾಹ್ನ ಶಾಲೆಯ ಸುತ್ತಲಿನ ಶೆಡ್ಡುಗಳೆಲ್ಲ ನಿಂತವು. ಮನೆಗಳೊಳಗಿನ ಹೆಂಗಸರು, ಏನಾಯಿತೆಂದು ಬಾಗಿಲಿಗೆ ಬಂದು ನೋಡುತ್ತಿದ್ದರು.

ಸಾಲು ಮುಗಿಯುತ್ತ ಬಂದಾಗ ಅಧ್ಯಕ್ಷರು, "ನೀನೂ ಒಮ್ಮಿ ತೋರಸೋ," ಎಂದು ನನ್ನನ್ನು ಒಳಗೆ ದಬ್ಬಿದರು. ಜಾಬರ್ ಆದವನಿಗೆ ಕಿವಿಯೇ ಬಂಡವಾಳ. ಮಗ್ಗದ ಯಾವ ಭಾಗ ಸಡಿಲಾಗಿದೆ ಎಂಬುದನ್ನು ಸಪ್ಪಳದ ಮೇಲೆ ಹೇಳುತ್ತೇನೆ ಎಂದು ಎಲ್ಲರೂ ಅನ್ನುತ್ತಿದ್ದರು, ನಾನೂ ನಂಬಿದ್ದೆ. ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟು, ಸಪ್ಪಳ ಬಂದಾಗೊಮ್ಮೆ ಒತ್ತಲು ಹೇಳಿದಳು. ದಪ್ಪ ದನಿಯ ಸಪ್ಪಳಗಳು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಗೋಡೆಯ ಗಾದಿಗಳನ್ನು ನೋಡುತ್ತ, ಹೆಬ್ಬೆರಳು ಗುಂಡಿಯ ಮೇಲಿಟ್ಟುಕೊಂಡು ಕಾಯುತ್ತ ಕೂತೆ. ಕರೆಂಟು ಹೋಗಿರಬೇಕು ಎನ್ನಿಸಿತು.

"ಯಂತ್ರ ನಿಂತಂಗ ಕಾಣ್ತೈತ್ರಿ ಬಾಯಾರ," ಎಂದೆ. "ಚಾಲೂ ಮಾಡ್ರಿ."

ಆಕೆ ಒಂದು ಬದಿಯ ಹೆಡ್‌ಫೋನ್ ಎತ್ತಿದಳು.

"ನಿಂತಿಲ್ರಿ ಕಾಕಾ," ಎಂದಳು. "ಈ ಕಿವೀದು ಮುಗೀತು."